ಅಂಗಿಯ ಬೆನ್ನು

ತುಂಗಭದ್ರೆಯ ದಂಡೆಯ ಬಯಲಿನಲ್ಲಿ ಮೌಲಾಸಾಬರು ಬೈಕ್ ಟ್ಯಾಕ್ಸಿ ಓಡಿಸುವವರಿಗೆ ಪಾಠ ಹೇಳುತ್ತಿದ್ದರು. ನಲವತ್ತು ವರ್ಷ ಗಾಡಿ ಓಡಿಸಿದವರು, ಒಬ್ಬರನ್ನೂ ಬೀಳಿಸಿದವರಲ್ಲ. ಊರೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿತ್ತು. ನನ್ನ ಬಾಯಿಗೂ ಬೇರೆ ಹೆಸರು ಬರುವುದಿಲ್ಲ.

ಅವರು ಎದೆಗೆ ಹಿತ್ತಾಳೆಯ ಬಿಲ್ಲೆ ಚುಚ್ಚುವವರೆಗೆ ಆ ಊರಿನ ಸ್ಟ್ಯಾಂಡಿನಲ್ಲಿ ಯಾರೂ ಗಿರಾಕಿಯನ್ನು ಹತ್ತಿಸಿಕೊಳ್ಳುವಂತಿರಲಿಲ್ಲ.

ಶಿಷ್ಯ ಹನುಮೇಶ ಅಕ್ಕಿ ಗಿರಣಿಯ ಹಮಾಲ. ಮೂಟೆ ಹೊತ್ತು ಹೊತ್ತು ಅವನ ಸೊಂಟ ಹೋಗಿತ್ತು. ಸ್ಟ್ಯಾಂಡಿನಲ್ಲಿ ಉಳಿದದ್ದು ಒಂದೇ ಜಾಗ, ಅದೂ ಪರೀಕ್ಷೆಯ ದಿನ ಹೊತ್ತು ಮುಳುಗುವವರೆಗೆ. ಬಿಲ್ಲೆ ಸಿಗದಿದ್ದರೆ ಮತ್ತೆ ಮೂಟೆಯೇ ಗತಿ.

ಗಾಡಿ ಓಡಿಸುವುದರಲ್ಲಿ ಮಾತ್ರ ಅವನು ಹುಲಿ. ಸಾಲಾಗಿಟ್ಟ ಹತ್ತು ಡಬ್ಬಿಗಳ ನಡುವೆ ಕಾಲು ನೆಲಕ್ಕೆ ತಾಗಿಸದೆ ನುಸುಳುತ್ತಿದ್ದ.

ಕೊನೆಯ ಪರೀಕ್ಷೆ ಒಂದೇ. ಉಸ್ತಾದರ ಅಕ್ಕ ಖಾದರಬಿಯನ್ನು ಕೂರಿಸಿಕೊಂಡು ಸೇತುವೆಯಾಚೆಯ ಬೇವಿನಮರದವರೆಗೆ ಹೋಗಿಬರಬೇಕು. ಎಪ್ಪತ್ತು ದಾಟಿದವರು, ಸೀರೆ ಉಟ್ಟವರು, ಎರಡೂ ಕಾಲು ಒಂದೇ ಕಡೆ ಹಾಕಿ ಕೂರುವವರು.

ಹನುಮೇಶ ಎಂಟು ನಿಮಿಷದಲ್ಲಿ ಹೋಗಿಬಂದ.

"ಹೆಂಗಿತ್ರಿ ಉಸ್ತಾದ್?"

"ತಿರುಗು."

ಉಸ್ತಾದರು ಅವನ ಅಂಗಿಯ ಬೆನ್ನು ನೋಡಿದರು. ಸೊಂಟದ ಮೇಲೆ ಒಂದು ಹಿಡಿ ಬಟ್ಟೆ ಹಿಂಡಿದಂತೆ ಮುದುಡಿತ್ತು.

"ಮೂಟಿ ಹೊತ್ತೋನು ನೀನು," ಎಂದರು. "ಮೂಟಿಗೆ ಅಂಜಿಕಿ ಇರಾಂಗಿಲ್ಲ. ಬಿಲ್ಲೆ ಇಲ್ಲ, ಹೋಗು."

ಹನುಮೇಶನಿಗೆ ಸಿಟ್ಟು ಬಂತು. "ನಾ ಏನು ಬೀಳಿಸೀನೇನ್ರಿ ಅವರನ್ನ?"

"ಎಂಟು ನಿಮಿಷದಾಗ ಎಷ್ಟು ಸಲ ಬಿದ್ದೆ ಅಂದ್ಕೊಂಡಾಳ, ಆಕೀನ್ನ ಕೇಳು."

ಕೇಳುವ ತಾಳ್ಮೆ ಅವನಿಗೆಲ್ಲಿಂದ ಬರಬೇಕು? ಹೊತ್ತು ಇಳಿಯುತ್ತಿತ್ತು. "ಇನ್ನೊಂದು ಸಲ ಹೋಗಿಬರ್ತೀನ್ರಿ," ಎಂದ. ಖಾದರಬಿಯನ್ನು ಮತ್ತೆ ಕೂರಿಸಿಕೊಂಡು ಹೊರಟ. ಬಯಲು ದಾಟಿದ ಮೇಲೆ ಮೆಲ್ಲಗೆ ಹಿಂದಕ್ಕೆ ಹೇಳಿದ:

"ಯಮ್ಮಾ, ಅಂಗಿ ಹಿಡೀಬ್ಯಾಡ್ರಿ. ಹಿಂದಿನ ಕಂಬಿ ಹಿಡ್ಕೋರಿ."

ಮರಳಿ ಬಂದವನು ಕೇಳುವ ಮೊದಲೇ ತಿರುಗಿ ನಿಂತ. ಅಂಗಿ ಆಗಷ್ಟೇ ಇಸ್ತ್ರಿ ಮಾಡಿದಂತಿತ್ತು.

ಇವನು ಚಾಪೆ ಕೆಳಗೆ ತೂರಿದರೆ ಉಸ್ತಾದರು ರಂಗೋಲಿ ಕೆಳಗೆ ತೂರುವವರು. ಅಂಗಿಯ ಕಡೆ ನೋಡಲೇ ಇಲ್ಲ. ಅಕ್ಕನ ಕೈ ಹಿಡಿದು ಬೆರಳು ಬಿಡಿಸಿದರು. ಅಂಗೈಯಲ್ಲಿ ಕಂಬಿಯ ಗುರುತು ಕೆಂಪಗೆ ಮೂಡಿತ್ತು. ಅದರ ಮೇಲೆ ಮೆಲ್ಲಗೆ ಊದಿದರು. ಬೈಯಲಿಲ್ಲ.

ಬೈದಿದ್ದರೆ ಹನುಮೇಶ ತಡೆದುಕೊಳ್ಳುತ್ತಿದ್ದ. ಆ ಊದಿದ್ದಕ್ಕೆ ಅವನಿಗೆ ನಾಚಿಕೆಯಿಂದ ಕಣ್ಣು ತುಂಬಿತು. ಮುದುಕಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಯಮ್ಮಾ, ನಿಮಗ ಎಲ್ಲಿ ಅಂಜಿಕಿ ಆಗ್ತೈತ್ರಿ?"

ಖಾದರಬಿ ಅವನನ್ನೇ ನೋಡಿದರು. "ಸೇತುವಿ ತಿರುವಿನ್ಯಾಗ. ಲಾರಿ ಬಂದಾಗ. ಮತ್ತ ನೀ ಹೇಳದ ಕೇಳದ ಬ್ರೇಕ್ ಹೊಡ್ದಾಗ."

"ಇನ್ನೊಮ್ಮೆ ಬರ್ತೀರೇನ್ರಿ?"

"ಬರ್ತೀನಿ, ನಡಿ."

ಅವನು ಹೆಲ್ಮೆಟ್ಟಿನ ಪಟ್ಟಿಯನ್ನು ಅವರ ಗಲ್ಲದ ಕೆಳಗೆ ತಾನೇ ಬಿಗಿದ. ಸೆರಗು ಚಕ್ರಕ್ಕೆ ಸಿಗದಂತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹೇಳಿದ. ಅವರು ಸರಿಯಾಗಿ ಕೂತು "ಹೂಂ" ಎನ್ನುವವರೆಗೆ ಗಾಡಿ ಬಿಡಲಿಲ್ಲ.

ಎಂಟು ನಿಮಿಷ ಆಯಿತು. ಇಪ್ಪತ್ತಾಯಿತು. ಸೂರ್ಯ ಹೊಳೆಯ ನೀರಿಗೆ ಇಳಿದ. ಉಳಿದ ಜಾಗ ಯಾರಿಗೆಂದು ತಿಳಿಯಲು ಬಂದು ಕೂತಿದ್ದ ಸ್ಟ್ಯಾಂಡಿನ ಯಜಮಾನ ಗಡಿಯಾರ ನೋಡಿ ಎದ್ದು ನಿಂತ.

"ಕೂಡು," ಎಂದರು ಉಸ್ತಾದರು. ಅವರ ಮಾತಿಗೆ ಎದುರಾಡುವವರು ಆ ಊರಲ್ಲಿಲ್ಲ. ಅವನು ಕೂತ.

ಕೊನೆಗೆ ಗಾಡಿ ಬಂತು. ಇಳಿಯುವಾಗಲೂ ಖಾದರಬಿಯ ಮಾತು ನಿಂತಿರಲಿಲ್ಲ. ಹನುಮೇಶನ ಮುಖ ಸಪ್ಪಗಿತ್ತು.

"ತಡ ಆತ್ರಿ ಉಸ್ತಾದ್. ತಿರುವಿನ್ಯಾಗ ನಿಧಾನ ಮಾಡಿದ್ನಿ, ಲಾರಿಗೆ ದಾರಿ ಬಿಟ್ನಿ. ಅಮ್ಮಾರು ದಾರಿ ತುಂಬ ಅವರ ಮದುವಿ ಕಥಿ ಹೇಳಿದ್ರು. ಬಂಡಿ ಹೊಳಿಯಾಗ ಸಿಕ್ಕೊಂಡಿದ್ದು, ಖಾಜಿ ಸಾಹೇಬ್ರು ತೊಯ್ಸಿಕೊಂಡು ಬಂದಿದ್ದು... ಸೇತುವಿ ಮ್ಯಾಲೂ ಮಾತು ನಿಲ್ಲಿಸಲಿಲ್ರಿ."

ಹೇಳುತ್ತಲೇ ಬೆನ್ನು ತೋರಿಸಲು ತಿರುಗಿದ.

ಉಸ್ತಾದರು ಅವನ ಭುಜ ಹಿಡಿದು ತಮ್ಮ ಕಡೆಗೆ ತಿರುಗಿಸಿಕೊಂಡರು. ಎದೆಗೆ ಬಿಲ್ಲೆ ಚುಚ್ಚಿದರು.

"ಅಂಗಿ ನೋಡಾಂಗಿಲ್ಲೇನ್ರಿ?"

"ಜೀವಾ ಕೈಯಾಗ ಹಿಡ್ಕೊಂಡು ಕುಂತವರು ಮದುವಿ ಕಥಿ ಹೇಳಾಂಗಿಲ್ಲ, ತಮ್ಮಾ."