ಯುವರಾಜನ ರಾಟೆಗೆ ಕೀಲೆಣ್ಣೆ

"ಅಳಿವೆಪುರದ ಪ್ರಜೆಗಳೇ, ಕೇಳಿ! ಯುವರಾಜರನ್ನು ಕಡಲಿಗೆ ಕೊಟ್ಟ ಗಾಳದ ರಾಟೆ ಅರಮನೆಯಲ್ಲಿದೆ. ಅದಕ್ಕೆ ತಕ್ಕ ಕೀಲೆಣ್ಣೆ ಆರಿಸಬಲ್ಲವರು ಬರಬೇಕು. ರಾಜಕುಮಾರಿ ಪದುಮಲೆ ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರು ತಾವು ಆರಿಸಿದ ಜಿಡ್ಡನ್ನೇ ಇನ್ನೊಂದು ರಾಟೆಗೆ ಹಚ್ಚಿಕೊಂಡು, ಒಬ್ಬರೇ ಸೀಳುಬಂಡೆಯ ಆಚೆಗೆ ಮೀನು ಹಿಡಿಯಲು ಹೋಗಬೇಕು!"

ಡಂಗುರ ಕೇಳಿದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೀಳುಬಂಡೆಯ ಆಚೆ ಆಳೆತ್ತರದ ಮೀನುಗಳಿದ್ದವು. ಅವು ಗಾಳ ಕಚ್ಚಿ ಓಡುವಾಗ ರಾಟೆ ಸಲೀಸಾಗಿ ತಿರುಗಿ ದಾರ ಬಿಡಬೇಕು. ಹಿಂದಿನ ವರ್ಷ ಯುವರಾಜನ ರಾಟೆ ನಡುವೆಯೇ ಕಚ್ಚಿಕೊಂಡು ನಿಂತಿತ್ತು. ದಾರ ಬಿಗಿದು ದೋಣಿ ಮಗುಚಿತ್ತು. ದೋಣಿಯೂ ರಾಟೆಯೂ ದಡ ಸೇರಿದವು, ಅವನು ಸೇರಲಿಲ್ಲ. ಅಂದಿನಿಂದ ಅವನ ತಂಗಿ ಪದುಮಲೆ ನಕ್ಕದ್ದನ್ನು ಕಂಡವರಿಲ್ಲ.

ಮೊದಲು ಬಂದವರು ಅರಮನೆಯ ವೈದ್ಯರಾದ ತಿಮ್ಮಣ್ಣ ಪಂಡಿತರು.

"ಪಂಡಿತರೇ, ಅದಕ್ಕೆ ಹಸಿವಿಲ್ಲ, ಆದರೂ ಉಣಿಸಬೇಕು. ಉಣಿಸದಿದ್ದರೆ ಕಿರುಚುತ್ತದೆ, ಹೆಚ್ಚು ಉಣಿಸಿದರೆ ನಡೆಯಲಾರದು. ಅದು ಯಾವುದು? ಎಷ್ಟು ಉಣಿಸಬೇಕು?" ಎಂದಳು ಪದುಮಲೆ.

"ರಾಟೆಯ ಹಲ್ಲುಚಕ್ರ, ತಾಯಿ. ಅದರ ಗೂಡಿನ ತುಂಬ ಹಸುವಿನ ತುಪ್ಪ ತುಂಬಬೇಕು."

ಉತ್ತರ ಅರ್ಧ ತಪ್ಪಿತು, ಪಂಡಿತರು ಕಡಲಿಗೆ ಇಳಿಯಬೇಕಾಯಿತು. ಮುಂಜಾವದ ಚಳಿಗಾಳಿಗೆ ರಾಟೆಯೊಳಗಿನ ತುಪ್ಪ ಗಟ್ಟಿಯಾಯಿತು. ಪಂಡಿತರು ದಾರ ಕತ್ತರಿಸಿ ಜೀವ ಉಳಿಸಿಕೊಂಡರು, ದಾರಕ್ಕೆ ಸಿಕ್ಕಿದ ಎರಡು ಬೆರಳು ಕಳೆದುಕೊಂಡರು.

ಎರಡನೆಯವನು ಗಾಣದ ಒಡೆಯ ಕೊಗ್ಗ ಶೆಟ್ಟಿ. ಪಂಡಿತರ ಗತಿ ನೋಡಿದ್ದರಿಂದ ತೆಳುವಾಗಿ ಸವರಿದರೆ ಸಾಕೆಂದು ಹೇಳಿ ಮೊದಲ ಒಗಟು ಗೆದ್ದ. ಪದುಮಲೆ ಎರಡನೆಯದನ್ನು ಕೇಳಿದಳು: "ಒಂದೇ ಮನೆಯಲ್ಲಿ ಅಣ್ಣ, ತಮ್ಮ. ಅಣ್ಣನಿಗೆ ದಪ್ಪ ಕಂಬಳಿಯೇ ಬೇಕು. ಅದನ್ನೇ ತಮ್ಮನ ಮೇಲೆ ಹೊದಿಸಿದರೆ ಅವನು ಏಳಲಾರ. ಯಾರಿಗೆ ಏನು ಹೊದಿಸುತ್ತೀರಿ?"

"ಇಬ್ಬರಿಗೂ ನನ್ನ ಗಾಣದ ತೆಂಗಿನೆಣ್ಣೆಯೇ ಸಾಕು," ಎಂದ ಶೆಟ್ಟಿ.

ಅಲೆ ಹೊಡೆದಂತೆಲ್ಲ ಎಣ್ಣೆ ತೊಳೆದು ಹೋಯಿತು. ಒಣಗಿದ ಹಲ್ಲುಗಳು ಒಂದನ್ನೊಂದು ಕಚ್ಚಿಕೊಂಡವು. ಸಂಜೆ ದಡಕ್ಕೆ ಬಂದದ್ದು ಬರಿಯ ದೋಣಿ.

ಆಮೇಲೆ ಯಾರೂ ಅರಮನೆಯತ್ತ ಸುಳಿಯಲಿಲ್ಲ. ನಾಲ್ಕನೆಯ ದಿನ ದುಗ್ಗ ಹೊರಟ. ಬಂದರಿನಲ್ಲಿ ಸರಕು ಎತ್ತುವ ಕಪ್ಪಿಗಳಿಗೆ ಕೀಲೆಣ್ಣೆ ಹಚ್ಚುವುದು ಅವನ ಕೆಲಸ. ತಾಯಿ ಬಾಗಿಲಿಗೆ ಅಡ್ಡ ನಿಂತಳು.

"ಬೇಡ ಮಗಾ. ಅರಮನೆಯವರ ದುಃಖಕ್ಕೆ ನಿನ್ನ ಜೀವ ಯಾಕೆ ಕೊಡುತ್ತಿ?"

"ಅಬ್ಬೇ, ಊರೆಲ್ಲ ಹಬ್ಬಿದ ಆ ಎರಡು ಒಗಟುಗಳ ಉತ್ತರ ಗೊತ್ತಿದ್ದೂ ನಾನು ಸುಮ್ಮನೆ ಕೂತರೆ ಇನ್ನೊಬ್ಬ ಹೋಗುತ್ತಾನೆ. ಶೆಟ್ಟರ ದೋಣಿ ನೋಡಿದ ಮೇಲೆ ಅನ್ನ ಇಳಿಯುತ್ತಿಲ್ಲ ನನಗೆ."

ಸಭೆಯಲ್ಲಿ ದೊರೆ ಬೊಪ್ಪರಸ ಅವನ ಕಪ್ಪುಗಟ್ಟಿದ ಉಗುರುಗಳನ್ನು ನೋಡಿ, "ಯೋಚಿಸಿ ಬಂದೆಯೇನಪ್ಪ?" ಎಂದ.

"ಯೋಚಿಸಿಯೇ ಬಂದೆ, ಒಡೆಯಾ."

ಮೊದಲ ಒಗಟಿಗೆ ಅವನು ಹೇಳಿದ: "ಹಲ್ಲುಚಕ್ರ. ಹಲ್ಲು ಮಿನುಗುವಷ್ಟು ಉಣಿಸಬೇಕು, ಸಂದು ಮುಚ್ಚುವಷ್ಟಲ್ಲ." ಎರಡನೆಯದಕ್ಕೂ ತಡವರಿಸಲಿಲ್ಲ. "ಅಣ್ಣ ಅಂದರೂ ಅದೇ ಹಲ್ಲುಚಕ್ರ. ಭಾರ ಹೊರುವವನು, ಉಪ್ಪುನೀರಿಗೆ ಸಿಗುವವನು. ಅವನಿಗೆ ಹರಳೆಣ್ಣೆಯಲ್ಲಿ ಜೇನುಮೇಣ ಕರಗಿಸಿದ ಕೀಲೆಣ್ಣೆ. ಅದು ಚಳಿಗೆ ಕಲ್ಲಾಗುವುದಿಲ್ಲ, ಬಿಸಿಲಿಗೆ ಹರಿಯುವುದಿಲ್ಲ, ನೀರಿಗೆ ಬಿಡುವುದಿಲ್ಲ. ತಮ್ಮ ಅಂದರೆ ನಡುವಿನ ಸಣ್ಣ ಅಚ್ಚು. ಹಗುರವಾಗಿ ತಿರುಗಬೇಕಾದವನು. ಅವನಿಗೆ ಒಂದೇ ಹನಿ ಎಳ್ಳೆಣ್ಣೆ."

ಸಭೆ ಉಸಿರು ಬಿಟ್ಟಿತು. ಪದುಮಲೆ ಮೂರನೆಯದನ್ನು ಮೆಲ್ಲನೆ ಕೇಳಿದಳು: "ಒಬ್ಬ ಆಳು ಬಹಳ ಕಾಲ ನಿಯತ್ತಿನಿಂದ ದುಡಿದ. ಈಗ ಅವನು ಒಳಗಿದ್ದರೆ ಮನೆಗೇ ಕೇಡು. ಹೊರಗೆ ಕಳಿಸಲು ಒಡತಿಗೆ ಮನಸ್ಸಿಲ್ಲ. ಅವನು ಯಾರು? ಒಡತಿ ಏನು ಮಾಡಬೇಕು?"

"ಅಮ್ಮಾ, ಆ ರಾಟೆಯನ್ನು ಒಮ್ಮೆ ನೋಡಬಹುದೇ?"

ಅವಳೇ ಎದ್ದು ಹೋಗಿ ರೇಷ್ಮೆಯಲ್ಲಿ ಸುತ್ತಿದ್ದ ರಾಟೆಯನ್ನು ತಂದಳು. ದುಗ್ಗ ಮುಚ್ಚಳ ತೆಗೆದ. ಒಳಗೆ ಕಪ್ಪು ಜಿಡ್ಡು, ಅದರಲ್ಲಿ ಉಪ್ಪಿನ ಕಣ, ಮರಳು. ಅದರ ಮೇಲೆ ಹೊಸ ಜಿಡ್ಡಿನ ಒಂದು ಪದರ, ಆ ಪದರದಲ್ಲಿ ಸ್ಪಷ್ಟವಾಗಿ ಒಂದು ಹೆಬ್ಬೆರಳಿನ ಗುರುತು. ಅವನಿಗೆ ಎಲ್ಲ ತಿಳಿಯಿತು.

"ಆ ಆಳು ಹಳೆಯ ಕೀಲೆಣ್ಣೆ, ಅಮ್ಮಾ. ಅದು ಇಷ್ಟು ದಿನ ಕೆಲಸ ಮಾಡಿ ಉಪ್ಪನ್ನೂ ಮರಳನ್ನೂ ತನ್ನೊಳಗೆ ಹಿಡಿದಿಟ್ಟಿದೆ. ಅದನ್ನು ಒರೆಸಿ ತೆಗೆಯಬೇಕು."

"ಅದರ ಮೇಲೆಯೇ ಒಳ್ಳೆಯದೊಂದನ್ನು ಹಚ್ಚಬಾರದೇ?"

"ಯುವರಾಜರು ಹಚ್ಚಿದ್ದು ಹಾಗೆಯೇ. ಅವಸರದಲ್ಲಿದ್ದರೋ ಏನೋ. ಮೇಲಿನದು ಎಷ್ಟೇ ಒಳ್ಳೆಯದಾದರೂ ಒಳಗಿನ ಮರಳು ಮರಳೇ."

"ಇದು ನನ್ನ ಅಣ್ಣನ ಬೆರಳು, ದುಗ್ಗ. ನನಗೆ ಉಳಿದದ್ದು ಇಷ್ಟೇ."

"ಗೊತ್ತಾಯಿತು ಅಮ್ಮಾ. ಅದಕ್ಕೇ ನಾನು ಮುಟ್ಟುವುದಿಲ್ಲ. ಒರೆಸುವುದಾದರೆ ನೀವೇ ಒರೆಸಬೇಕು. ನಿಮಗೆ ಆಗುವವರೆಗೆ ನಾನು ಕಾಯುತ್ತೇನೆ."

ದೊರೆ ತಲೆ ತಗ್ಗಿಸಿದ. ಪದುಮಲೆ ರಾಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಕಿಟಕಿಯ ಬಿಸಿಲು ಒಂದು ಕಂಬದಿಂದ ಇನ್ನೊಂದಕ್ಕೆ ಸರಿಯಿತು. ಆಮೇಲೆ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಆ ಗುರುತಿನಿಂದಲೇ ಶುರುಮಾಡಿ ಒಂದೊಂದೇ ಹಲ್ಲನ್ನು ಒರೆಸಿದಳು. ಅಳುತ್ತಲೇ ಒರೆಸಿದಳು.

ದುಗ್ಗ ಕೀಲೆಣ್ಣೆ ಸವರಿ, ರಾಟೆಯನ್ನು ಪರೀಕ್ಷಿಸಲು ತಾನೇ ದೋಣಿ ಇಳಿಸಿದ. ತಂದೆ ತಡೆದರೂ ಕೇಳದೆ ಪದುಮಲೆಯೂ ಹತ್ತಿದಳು. ಸೀಳುಬಂಡೆಯ ಆಚೆ ಮೀನು ಕಚ್ಚಿ ಓಡಿತು. ರಾಟೆ ಗುಂಯ್ಯೆಂದು ತಿರುಗಿ ದಾರ ಬಿಟ್ಟಿತು, ಸುತ್ತಿದಾಗ ಸುತ್ತಿತು. ಇಬ್ಬರೂ ಆಳೆತ್ತರದ ಅಂಜಲ್ ಮೀನನ್ನು ಎಳೆದು ತಂದರು.

"ಏನು ಬೇಕೋ ಕೇಳು," ಎಂದ ದೊರೆ.

"ಇನ್ನು ಯಾರನ್ನೂ ಶಿಕ್ಷೆಯೆಂದು ಕಡಲಿಗೆ ಕಳಿಸಬೇಡಿ, ಒಡೆಯಾ. ದಡದಲ್ಲಿ ಸಿಹಿನೀರಿನ ಒಂದು ತೊಟ್ಟಿ ಕಟ್ಟಿಸಿ. ಬಂದವರೆಲ್ಲ ರಾಟೆ ತೊಳೆದು, ಒರೆಸಿ, ಹೊಸ ಕೀಲೆಣ್ಣೆ ಹಚ್ಚಿಕೊಂಡು ಹೋಗಲಿ."

"ನಿನಗೇನೂ ಬೇಡವೇ?"

"ಆ ತೊಟ್ಟಿಯ ಉಸ್ತುವಾರಿ ನನಗೆ ಕೊಟ್ಟರೆ ಸಾಕು."

ದೊರೆ ಅದನ್ನೂ ಕೊಟ್ಟ, ಬಂದರಿನಲ್ಲಿ ಮನೆಯನ್ನೂ ಕೊಟ್ಟ. ಪದುಮಲೆ ಕೊಗ್ಗ ಶೆಟ್ಟಿಯ ಹೆಂಡತಿಯ ಮನೆಗೆ ನಡೆದೇ ಹೋಗಿ, ತಪ್ಪು ತನ್ನದೆಂದು ಅವಳ ಕಾಲು ಹಿಡಿದಳು. ಆ ಹೆಂಗಸು ಕ್ಷಮಿಸಿದೆ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಕೂರಲು ಮಣೆ ಹಾಕಿದಳು. ಆ ವರ್ಷ ಅಳಿವೆಪುರದಿಂದ ಹೊರಟ ದೋಣಿಗಳೆಲ್ಲ ಹೋದವರನ್ನು ಹೊತ್ತುಕೊಂಡೇ ಮರಳಿದವು.