ಶೇಕ್‌ದಾರರ ಗೊಂಬೆಯನ್ನು ಮಲಗಿಸಿದ್ದು

ಶೇಕ... ಶೇಕದ... ಹೌದು, ನೆನಪಾಯಿತು ಅಪೂರ್ವಾ, ಶೇಕ್‌ದಾರ. ಕಂದಾಯದ ಅಧಿಕಾರಿಯನ್ನು ನಮ್ಮ ಕಡೆ ಹಾಗೆ ಕರೆಯುತ್ತಿದ್ದರು. ಅಂಥ ಒಬ್ಬರ ಮನೆಯಲ್ಲಿ ದಸರಾ ರಜೆಗೆ ಮಕ್ಕಳು ಮನೆಗೆಲಸದವಳ ಜೊತೆ ಕೂತು ಜೇಡಿಮಣ್ಣಿನ ಆನೆ, ಕೋಳಿ, ಬೀಸುವ ಕಲ್ಲು ಮಾಡಿ ಒಣಗಿಸಿದ್ದರು. ಗೊಂಬೆ ಕೂರಿಸುವ ದಿನ ಶೇಕ್‌ದಾರರು ತಮ್ಮದೇ ರೂಪದ ಮರದ ಗೊಂಬೆ ಮಾಡಿಸಿ ತಂದರು. ಪೇಟ, ಮೀಸೆ, ದಪ್ಪ ಮೂಗು, ಎಲ್ಲ ಅವರದೇ.

“ಈ ಮಣ್ಣಿನ ಮುದ್ದೆಗಳನ್ನು ತಿಪ್ಪೆಗೆ ಎಸೆಯೇ. ಮೇಲಿನ ಮೆಟ್ಟಿಲಲ್ಲಿ ನಾನೊಬ್ಬನೇ ಇರಬೇಕು.”

ಮಕ್ಕಳ ಕಣ್ಣು ತುಂಬಿತು. ಮನೆಗೆಲಸದವಳು ಕೈಮುಗಿದಳು.

“ಆಗಲಿ ಬುದ್ಧಿ. ಹತ್ತನೆಯ ದಿನ ಪೆಟ್ಟಿಗೆಗೆ ಸೇರಿಸುವಾಗ ಮೇಲಿನ ಗೊಂಬೆಯನ್ನೇ ಅಲ್ಲವೇ ಮೊದಲು ಮಲಗಿಸುವುದು? ಮಕ್ಕಳಿಗೆ ಈಗಲೇ ಕಲಿಸಿಬಿಡುತ್ತೇನೆ.”

ಶೇಕ್‌ದಾರರ ಗೊಂಬೆಯನ್ನು ಅಂಗಾತ ಮಲಗಿಸಿದಳು. ಮಕ್ಕಳು ಬಿಳಿ ಬಟ್ಟೆ ಸುತ್ತಿದರು. ಯಾರೂ ನಗಲಿಲ್ಲ. ದೊಡ್ಡ ಮಗಳು ಜಲಜ ಮೆಲ್ಲಗೆ ಕೇಳಿದಳು: “ಮೂಗು ಮುಕ್ಕಾಗದ ಹಾಗೆ ಹತ್ತಿ ಇಡಬೇಕಲ್ಲವಾ?”

“ಇಡು ತಾಯಿ, ಎರಡೂ ಹೊಳ್ಳೆಗೆ.”

ಶೇಕ್‌ದಾರರ ಕೈ ತಾನಾಗಿ ತಮ್ಮ ಮೂಗಿಗೆ ಹೋಯಿತು. ಉಸಿರು ಕಟ್ಟಿದಂತಾಯಿತು.

“ಪೆಟ್ಟಿಗೆ ಯಾರು ಮುಚ್ಚಬೇಕು ಬುದ್ಧಿ? ಹಿರಿಯ ಮಗನೇ?”

“ತೆಗೆಯೇ! ಮೊದಲು ಆ ಹತ್ತಿ ತೆಗೆ!”

ಆ ವರ್ಷ ಮೇಲಿನ ಮೆಟ್ಟಿಲಲ್ಲಿ ಮಣ್ಣಿನ ಕೋಳಿ ಕೂತಿತು. ಶೇಕ್‌ದಾರರು ತಮ್ಮ ಗೊಂಬೆಯನ್ನು ಮೇಜಿನ ಮೇಲೆ ನಿಲ್ಲಿಸಿಕೊಂಡರು. ಅದರ ಕಣ್ಣು ಇನ್ನೂ ತೆರೆದಿದೆಯೇ ಎಂದು ದಿನಕ್ಕೆ ಹತ್ತು ಸಲ ನೋಡುತ್ತಿದ್ದರಂತೆ. ಪೆನ್ಷನ್ ಆದಮೇಲೂ ಅದನ್ನು ಮಲಗಲು ಬಿಡಲಿಲ್ಲವಂತೆ.

ಇದನ್ನು ಬರೆದಿಡು ಅಪೂರ್ವಾ. ನಾವಿರುವ ಈ ದೂರದ ಊರಲ್ಲಿ ಗೊಂಬೆ ಮಲಗಿಸುವುದು ಯಾರಿಗೂ ಗೊತ್ತಿಲ್ಲ.