ಬೂದಿಯ ಮೊಟ್ಟೆಗೆ ಸಾಕ್ಷಿ ಯಾರು?

ಲೋಕ ಇನ್ನೂ ಹೊಸದಾಗಿತ್ತು ಕಂದಾ. ಬೆಟ್ಟಗಳ ಮೈಮೇಲೆ ಶಿವನ ಬೆರಳಿನ ಗುರುತು ಹಸಿಹಸಿಯಾಗಿಯೇ ಇತ್ತು. ಹೊಳೆಗೆ ಯಾವ ಕಡೆ ಹರಿಯಬೇಕೆಂದು ಸರಿಯಾಗಿ ಗೊತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿಕೊಂಡು ಹೋಗುತ್ತಿತ್ತು. ಗಾಳಿ, ಮಣ್ಣು, ಮರ, ಹಕ್ಕಿ, ಎಲ್ಲವೂ ಒಂದರೊಡನೊಂದು ಮಾತಾಡುತ್ತಿದ್ದವು.

ಕೋಳಿಗಳೂ ಮಾತಾಡುತ್ತಿದ್ದವು. ಮೊಟ್ಟೆ ಇಡುವಾಗ ಮಾತ್ರ ಕೊಕ್ಕು ಬಿಚ್ಚುತ್ತಿರಲಿಲ್ಲ. ಇಟ್ಟು, ಎದ್ದು, ಪುಕ್ಕ ಕೊಡವಿಕೊಂಡು, ಏನೂ ಆಗದವರ ಹಾಗೆ ನಡೆದುಬಿಡುತ್ತಿದ್ದವು.

ಕಾಡಿನಂಚಿನಲ್ಲಿ ಸಾಕವ್ವ ಎಂಬುವಳ ಮನೆಯಿತ್ತು. ಕಾಡುಕೋಳಿಗಳನ್ನು ಕರೆತಂದು ಅಂಗಳದಲ್ಲಿ ಸಾಕಿದ ಮೊದಲನೆಯ ಹೆಂಗಸು ಅವಳೇ. ಸುತ್ತ ಮುಳ್ಳಿನ ಬೇಲಿ ಕಟ್ಟಿದ್ದಳು. ಬೇಲಿಯೊಳಗೆ ನುಚ್ಚು, ನೀರು, ಸೂರು. ಬೇಲಿಯಾಚೆ ಗುಳ್ಳೆನರಿ. ಅದು ದಿನವೂ ಬಂದು, ಬಾಲ ಸುತ್ತಿಕೊಂಡು ಕೂತು, "ಎಲ್ಲಾ ಚೆನ್ನಾಗಿದೀರೇನ್ರವ್ವಾ?" ಎಂದು ಯೋಗಕ್ಷೇಮ ವಿಚಾರಿಸಿ ಹೋಗುತ್ತಿತ್ತು.

ಸಾಕವ್ವ ಕೆಟ್ಟವಳಲ್ಲ. ಶಿವನಿಗೆ ಕೈ ಮುಗಿಯದೆ ಒಲೆ ಹೊತ್ತಿಸಿದವಳಲ್ಲ. ಆದರೆ ಒಂದು ಮಾತು ಆಡಿಬಿಟ್ಟಿದ್ದಳು: "ಮೊಟ್ಟೆ ಇಡೋಳಿಗೆ ನನ್ನ ನುಚ್ಚು. ಇಡದೋಳು ಬಂದ ದಾರಿ ಹಿಡೀಲಿ." ಆ ಮಾತನ್ನು ಯಾಕಾದರೂ ಆಡಿದಳೋ! ಮುಂದಿನ ಅನ್ಯಾಯವೆಲ್ಲ ಅದರ ಹೊಟ್ಟೆಯಿಂದಲೇ ಹುಟ್ಟಿತು.

ಅಂಗಳದ ಕೋಳಿಗಳಿಗೆಲ್ಲ ಹಿರಿಯಳು ದೊಡ್ಡಕ್ಕ. ನುಚ್ಚು ಚೆಲ್ಲಿದರೆ ಮೊದಲ ಕಾಳು ಅವಳದು. ನೀರಿಟ್ಟರೆ ಮೊದಲ ಗುಟುಕು ಅವಳದು. ಅವಳಾದ ಮೇಲೆ ಕೆಂಪಿ. ಕೆಂಪಿಯಾದ ಮೇಲೆ ಕರಿಯವ್ವ. ಎಲ್ಲರದೂ ಆದ ಮೇಲೆ ಮೋಟಿ. ಮೇಲಿನವರೆಲ್ಲ ಕುಕ್ಕಿ ಕುಕ್ಕಿ ಅವಳ ಬಾಲದ ಪುಕ್ಕವೇ ಉಳಿದಿರಲಿಲ್ಲ, ಅದಕ್ಕೇ ಆ ಹೆಸರು. ಇನ್ನು ಹುಂಜಣ್ಣ. ಅವನು ಬೇಲಿಗೂಟದ ಮೇಲೆ ಎದೆಯುಬ್ಬಿಸಿಕೊಂಡು ನಿಂತಿರುತ್ತಿದ್ದ. ಕೆಳಗೆ ಏನೇ ಆದರೂ ಅವನು ಮುಗಿಲನ್ನೇ ನೋಡುತ್ತಿದ್ದ.

ಒಂದು ದಿನ ಸಾಕವ್ವ ಕಾಡಿನಿಂದ ಮಡಿಲಲ್ಲಿ ಏನನ್ನೋ ಕಟ್ಟಿಕೊಂಡು ಬಂದಳು. ಬಿಚ್ಚಿದರೆ ಎರಡು ಎಳೆಯ ಹೇಂಟೆಗಳು. ದೊಡ್ಡದು ಬೂದಿ ಬಣ್ಣದ್ದು. ಅದರ ರೆಕ್ಕೆಯ ಕೆಳಗೆ ನಡುಗುತ್ತಿದ್ದದ್ದು ಅದರ ತಂಗಿ, ಮೈತುಂಬ ಚುಕ್ಕಿ. ಅವುಗಳ ತಾಯಿಯನ್ನು ಗುಳ್ಳೆನರಿ ಕೊಂಡೊಯ್ದಿತ್ತು.

"ಬೂದಿ, ಚುಕ್ಕಿ, ಇನ್ಮೇಲೆ ಇದೇ ನಿಮ್ಮನೆ," ಎಂದು ಸಾಕವ್ವ ಅವರನ್ನು ಅಂಗಳಕ್ಕೆ ಬಿಟ್ಟು ಒಳಗೆ ಹೋದಳು.

ಬಾಗಿಲು ಮುಚ್ಚಿದ್ದೇ ತಡ, ಮೊದಲು ಓಡಿಬಂದು ಕುಕ್ಕಿದವಳು ಯಾರು ಗೊತ್ತೇ? ದೊಡ್ಡಕ್ಕ ಅಲ್ಲ. ಮೋಟಿ! ತಾನೇ ಕುಕ್ಕಿಸಿಕೊಂಡು ಬಾಲ ಕಳೆದುಕೊಂಡವಳು! "ಅಬ್ಬಾ ಶಿವನೇ, ಕೊನೆಗೂ ನನ್ನ ಕೆಳಗೆ ಇಬ್ಬರನ್ನ ಕಳಿಸಿದೆಯಲ್ಲ," ಎಂದು ಕುಕ್ಕಿದಳು. ಶಿವನ ಹೆಸರು ಹೇಳಿಕೊಂಡು ಕುಕ್ಕಿದಳಲ್ಲ ಕಂದಾ, ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಬೂದಿ ನುಚ್ಚಿಗೆ ಹೋದರೆ ಕುಕ್ಕು. ನೀರಿಗೆ ಹೋದರೆ ಕುಕ್ಕು. ನೆರಳಿಗೆ ಹೋದರೆ ಕುಕ್ಕು. ಹಿರಿಯರು ಮೊದಲು ಉಣ್ಣಲಿ, ಯಾರು ಬೇಡ ಎಂದರು? ಹೊಟ್ಟೆ ತುಂಬಿದ ಮೇಲೂ ಉಳಿದ ಕಾಳನ್ನು ಕಾಲಲ್ಲಿ ಕೆದರಿ ಮಣ್ಣುಪಾಲು ಮಾಡುವುದು ಯಾವ ಸೀಮೆಯ ಹಿರಿತನ?

ಬೂದಿ ತಾಳಿಕೊಂಡಳು. ಚುಕ್ಕಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು ತಾಳಿಕೊಂಡಳು. "ಚುಕ್ಕೀ, ನಾನು ಮೊಟ್ಟೆ ಇಡೋಕೆ ಶುರುಮಾಡಲಿ ಇರು. ಆಗ ಈ ಅಂಗಳದಲ್ಲಿ ನಮ್ಮಿಬ್ಬರಿಗೂ ಜಾಗ ಆಗತ್ತೆ," ಎನ್ನುತ್ತಿದ್ದಳು.

ಆ ದಿನವೂ ಬಂತು. ಬೂದಿಯ ಜುಟ್ಟು ಕೆಂಪಗಾಯಿತು. ಜಗಲಿಯ ಮೂಲೆಯಲ್ಲಿ ಹುಲ್ಲು ಹಾಸಿದ ಒಂದು ಬಿದಿರಿನ ಮಂಕರಿ ಇತ್ತು, ಎಲ್ಲರೂ ಮೊಟ್ಟೆ ಇಡುತ್ತಿದ್ದದ್ದು ಅದರಲ್ಲೇ. ಯಾರೂ ಇಲ್ಲದ ಹೊತ್ತು ನೋಡಿ ಬೂದಿ ಹತ್ತಿದಳು, ಕೂತಳು. ಪುಟ್ಟದೊಂದು ಮೊಟ್ಟೆ, ಬೆಚ್ಚಗೆ. ಅದನ್ನು ಕೊಕ್ಕಿನಿಂದ ಒಮ್ಮೆ ಮುಟ್ಟಿ, "ಶಿವಾ, ನಿನ್ನ ದಯೆ," ಎಂದು ಮೆಲ್ಲಗೆ ಕೆಳಗಿಳಿದಳು. ಆಗಿನ ಕೋಳಿಗಳ ಪದ್ಧತಿಯಂತೆ ಸದ್ದಿಲ್ಲದೆ ಇಳಿದಳು.

ಇವಳು ಇಳಿದಳು, ದೊಡ್ಡಕ್ಕ ಹತ್ತಿದಳು.

ಹತ್ತಿ, ಆ ಮೊಟ್ಟೆಯ ಮೇಲೆ ರೆಕ್ಕೆ ಹರಡಿ ಕೂತುಬಿಟ್ಟಳು. ಸಾಕವ್ವ ಬಂದು ನೋಡಿದಳು. "ಭೇಷ್ ದೊಡ್ಡಕ್ಕಾ! ವಯಸ್ಸಾಯ್ತಲ್ಲ ಪಾಪ, ಮೊಟ್ಟೆ ಸಣ್ಣಗಾಗಿದೆ. ಆದರೂ ಇಟ್ಟೆಯಲ್ಲ ನನ್ನವ್ವಾ," ಎಂದು ಹಿಡಿ ತುಂಬ ನುಚ್ಚು ಹಾಕಿದಳು. ದೊಡ್ಡಕ್ಕ ತಲೆ ಬಗ್ಗಿಸಿಕೊಂಡು ತಿಂದಳು. ಒಂದು ಕಾಳನ್ನೂ ಬಿಡಲಿಲ್ಲ.

ಬೂದಿ ಓಡಿಬಂದಳು. "ಅಕ್ಕಾ, ಅದು ನನ್ನ ಮೊಟ್ಟೆ."

"ಯಾರು ಹೇಳಿದ್ದು?"

"ನಾನೇ ಇಟ್ಟಿದ್ದು, ನಾನೇ ಹೇಳ್ತಿದ್ದೀನಿ."

"ನಿನ್ನೆ ಮೊನ್ನೆ ಬಂದೋಳು ನೀನು. ನಿನ್ನ ಮಾತಿಗೆ ಸಾಕ್ಷಿ ಯಾರೇ?"

ಸಾಕ್ಷಿಗೇನು ಬರವೇ! ಅಂಗಳ ತುಂಬ ಇದ್ದರು. ಬೂದಿ ಕೆಂಪಿಯ ಬಳಿ ಹೋದಳು. "ಕೆಂಪಕ್ಕಾ, ನೀನು ನೋಡಿದೆಯಲ್ಲ?"

"ನಾನು ಮಣ್ಣಲ್ಲಿ ಹೊರಳಾಡ್ತಿದ್ದೆ ಕಣೇ. ಕಣ್ಣಿಗೆ ಧೂಳು ಬಿದ್ದಿತ್ತು."

"ಕರಿಯಕ್ಕಾ, ನೀನು?"

"ನನ್ನ ಬಾಯಲ್ಲಿ ಎರೆಹುಳ ಇತ್ತು. ಬಾಯಿ ತುಂಬಿದ್ದಾಗ ನಾನು ಏನನ್ನೂ ನೋಡೋದಿಲ್ಲ."

"ಮೋಟಕ್ಕಾ, ನೀನು ಮಂಕರಿ ಪಕ್ಕದಲ್ಲೇ ನಿಂತಿದ್ದೆ!"

ಮೋಟಿ ಆ ಕಡೆ ತಿರುಗಿದಳು. "ಊರ ಉಸಾಬರಿ ನಂಗ್ಯಾಕೆ ತಾಯಿ. ಈಗ ತಾನೇ ಬಾಲದಲ್ಲಿ ನಾಲ್ಕು ಪುಕ್ಕ ಚಿಗುರ್ತಾ ಇದೆ."

"ಹುಂಜಣ್ಣಾ, ನೀನಾದರೂ ಹೇಳು. ಎತ್ತರದಲ್ಲಿ ನಿಂತಿದ್ದೀಯ, ನಿನಗೆ ಕಾಣದ್ದು ಏನಿದೆ?"

"ನಾನು ಕೂಗೋದು ಸೂರ್ಯನಿಗಾಗಿ," ಎಂದ ಹುಂಜಣ್ಣ. "ಹೆಂಗಸರ ಜಗಳಕ್ಕಲ್ಲ."

ಕೇಳಿದೆಯಾ ಕಂದಾ? ಕದ್ದವಳು ಒಬ್ಬಳು. ನೋಡಿಯೂ ನೋಡದವರು ಅಷ್ಟೂ ಜನ. ಯಾರ ಪಾಪ ದೊಡ್ಡದು, ನೀನೇ ಹೇಳು.

ಬೂದಿ ಮತ್ತೆ ಇಟ್ಟಳು. ಇವಳು ಇಳಿದಳು, ದೊಡ್ಡಕ್ಕ ಹತ್ತಿದಳು. ಮತ್ತೂ ಇಟ್ಟಳು. ಇವಳು ಇಳಿದಳು, ದೊಡ್ಡಕ್ಕ ಹತ್ತಿದಳು. ಕೆಂಪಿಯ ಮೊಟ್ಟೆಯ ಮೇಲೆ ಹೀಗೆ ಕೂತಿದ್ದರೆ ಕೆಂಪಿ ಸುಮ್ಮನಿರುತ್ತಿದ್ದಳೇ? ಜುಟ್ಟು ಹಿಡಿದು ಎಳೆಯುತ್ತಿದ್ದಳು. ಹೊಸಬಳದಾದರೆ ಕೇಳುವವರಿಲ್ಲ ಎಂಬುದು ದೊಡ್ಡಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

ಕೊನೆಗೆ ಸಾಕವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಬೂದೀ, ನಿನ್ನ ಜುಟ್ಟು ಕೆಂಪಾಗಿ ಎಷ್ಟು ಕಾಲ ಆಯ್ತು! ಒಂದು ಮೊಟ್ಟೆ ಕಾಣಲಿಲ್ಲ. ಇಬ್ಬರೂ ಕೂತು ತಿಂತೀರಿ. ನಾಳೆ ಸಂಜೆಯೊಳಗೆ ಇಡದಿದ್ದರೆ ಬೇಲಿಯಾಚೆ ಬಿಟ್ಟುಬಿಡ್ತೀನಿ, ನಿನ್ನನ್ನೂ, ನಿನ್ನ ತಂಗೀನೂ." "ನಾನು ಇಟ್ಟಿದ್ದೀನಿ ಅವ್ವಾ," ಎಂದ ಬೂದಿಯ ಮಾತನ್ನು ಸಾಕ್ಷಿಯಿಲ್ಲವೆಂದು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಬೇಲಿಯ ಆಚೆಯಿಂದ ಗುಳ್ಳೆನರಿ, "ಅಯ್ಯೋ ಪಾಪ," ಎಂದಿತು. ಹಾಗೆಂದು ತುಟಿ ನೆಕ್ಕಿಕೊಂಡಿತು.

ಬೂದಿ ಗಾಳಿಯನ್ನು ಕೇಳಿದಳು. "ಗಾಳಿಯಪ್ಪಾ, ನೀನು ಎಲ್ಲ ಕಡೆ ಸುಳೀತೀಯ. ನನ್ನ ಪರವಾಗಿ ಒಂದು ಮಾತು ಹೇಳು."

"ಯಾರಾದರೂ ಕೂಗಿದರೆ ಆ ಕೂಗನ್ನ ಊರಾಚೆಗೂ ಹೊತ್ತುಕೊಂಡು ಹೋಗ್ತೀನಿ ಮಗಳೇ," ಎಂದಿತು ಗಾಳಿ. "ನಿಮ್ಮಂಗಳದಲ್ಲಿ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದಾರೆ. ನಾನು ಹೊರೋದಾದರೂ ಏನನ್ನ?"

ಬೂದಿ ಭೂಮಿತಾಯಿಯನ್ನು ಕೇಳಿದಳು. "ತಾಯೀ, ನೀನು ನೋಡಿದ್ದೀಯ."

"ನೋಡಿದೆ ಕಂದಾ. ನೋಡಿ ನನ್ನ ಹೊಟ್ಟೆಯಲ್ಲಿ ಬೆಂಕಿ ಎದ್ದಿದೆ. ಆದರೆ ನಾನು ಬಾಯಿ ಬಿಟ್ಟರೆ ಮನೆಗಳು ಉರುಳ್ತವೆ. ತೊಟ್ಟಿಲಲ್ಲಿರೋ ಕೂಸುಗಳೂ ಉರುಳ್ತವೆ. ಶಿವ ನಿನಗೆ ಸಣ್ಣ ಗಂಟಲು ಕೊಟ್ಟಿದ್ದಾನೆ. ನೀನು ಕೂಗಿದರೆ ಯಾರ ಮನೆಯೂ ಬೀಳೋದಿಲ್ಲ."

ಬೂದಿ ಕಣ್ಣು ಮುಚ್ಚಿದಳು. "ಶಿವಾ," ಎಂದಳು, "ನಾನು ನಿನ್ನ ಹತ್ತಿರ ಅಳೋದಕ್ಕೆ ಬಂದಿಲ್ಲ. ನನಗೆ ಸಿಟ್ಟು ಬಂದಿದೆ."

ಶಿವನಿಗೆ ಅಂಥ ಪ್ರಾರ್ಥನೆಯೂ ಮುಟ್ಟುತ್ತದೆ ಕಂದಾ. ನನಗೇನೋ ಅನುಮಾನವಿಲ್ಲ.

ಮರುದಿನ ಬೂದಿ ಮಂಕರಿ ಹತ್ತಿದಳು. ಮೊಟ್ಟೆ ಇಟ್ಟಳು. ಆದರೆ ಸದ್ದಿಲ್ಲದೆ ಇಳಿಯಲಿಲ್ಲ. ಮಂಕರಿಯ ಅಂಚಿನ ಮೇಲೆ ನಿಂತು, ಕತ್ತು ಚಾಚಿ, ಲೋಕದಲ್ಲಿ ಯಾವ ಹೇಂಟೆಯೂ ಕೂಗದ ಕೂಗು ಕೂಗಿದಳು.

"ಕೊಕ್ ಕೊಕ್ ಕೊಕ್ ಕೊಕ್ಕೋಕ್! ನನ್ನದು! ಇದು ನನ್ನದು! ಹಿಂದಿನವೂ ನನ್ನವೇ!"

ಗಾಳಿ ಕಾದೇ ಇತ್ತು. ಆ ಕೂಗನ್ನು ಎತ್ತಿಕೊಂಡು ಅಂಗಳ, ಅಡುಗೆಮನೆ, ಹಿತ್ತಿಲು ಎಲ್ಲ ಕಡೆ ಓಡಿತು. ಸಾಕವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅಷ್ಟರೊಳಗೆ ದೊಡ್ಡಕ್ಕ ಮಂಕರಿಯೊಳಗೆ ಕೂತಾಗಿತ್ತು.

"ಅವ್ವಾ, ಇವಳ ಕಳ್ಳಾಟ ನೋಡು! ಮೊಟ್ಟೆ ನನ್ನದು, ಕೂಗು ಇವಳದು," ಎಂದಳು ದೊಡ್ಡಕ್ಕ.

ಸಾಕವ್ವ ಅಂಗಳದ ಕಡೆ ತಿರುಗಿದಳು. "ಯಾರ್ರೇ ನೋಡಿದೋರು?"

ಕೆಂಪಿ ಮಣ್ಣು ನೋಡಿದಳು. ಕರಿಯವ್ವ ಹುಳ ಹುಡುಕಿದಳು. ಹುಂಜಣ್ಣ ಮುಗಿಲು ನೋಡಿದ. ಚುಕ್ಕಿಯೊಬ್ಬಳೇ, "ನಾನು ನೋಡಿದೆ! ಅಕ್ಕಂದೇ!" ಎಂದು ಕಿರುಚಿದಳು.

"ನೀನು ತಂಗಿ. ನೀನು ಇನ್ನೇನು ಹೇಳ್ತೀಯ," ಎಂದು ಸಾಕವ್ವ ಬೂದಿಯ ಕಾಲು ಹಿಡಿದು ತಲೆಕೆಳಗಾಗಿ ಎತ್ತಿದಳು. ಚುಕ್ಕಿಯನ್ನು ಕಂಕುಳಲ್ಲಿ ಇರುಕಿಕೊಂಡಳು. ಬೇಲಿಯ ಕಡೆ ಹೆಜ್ಜೆ ಹಾಕಿದಳು. ಆಚೆ ಗುಳ್ಳೆನರಿ ಎದ್ದು ನಿಂತು ಮೈಮುರಿಯಿತು.

ತಲೆಕೆಳಗಾಗಿ ತೂಗುತ್ತಿದ್ದರೂ ಬೂದಿ ಬೇಡಿಕೊಳ್ಳಲಿಲ್ಲ. ಅದೇ ಮಾತು ಕೂಗುತ್ತಿದ್ದಳು. "ನನ್ನದು! ನನ್ನದು!"

ಸಾಕವ್ವ ಮೋಟಿಯ ಪಕ್ಕದಲ್ಲೇ ಹಾದುಹೋದಳು. ತೂಗುತ್ತಿದ್ದ ಬೂದಿಯ ಬಾಲ ಮೋಟಿಯ ಕಣ್ಣೆದುರಿಗೆ ಬಂತು. ಆ ಬಾಲದಲ್ಲಿ ಒಂದು ಪುಕ್ಕವೂ ಉಳಿದಿರಲಿಲ್ಲ. ಕಿತ್ತವಳು ತಾನೇ. ಮೋಟಿಗೆ ಏನಾಯಿತೋ ಏನೋ! ಬೇಡ ಬೇಡ ಎಂದು ಕೊಕ್ಕು ಬಿಗಿಹಿಡಿದಳು. ಗಂಟಲು ಕೇಳಲಿಲ್ಲ.

"ಕೊಕ್ ಕೊಕ್ ಕೊಕ್ ಕೊಕ್ಕೋಕ್! ಅವಳದು! ಅವಳದೇ! ನಾನು ನೋಡಿದೆ!"

ಶಿವ ಎಲ್ಲಿ ಬರುತ್ತಾನೆ ಎಂದು ಜನ ಮುಗಿಲು ನೋಡುತ್ತಾರೆ. ಅವತ್ತು ಅವನು ಮೋಟಿಯ ಗಂಟಲಲ್ಲಿ ಬಂದಿದ್ದ.

"ಸುಮ್ನಿರೇ ಮೋಟೀ!" ಎಂದು ದೊಡ್ಡಕ್ಕ ಗದರಿದಳು.

"ಇಷ್ಟು ದಿನ ಸುಮ್ಮನಿದ್ದದ್ದೇ ತಪ್ಪಾಯ್ತು. ಬೇಕಾದರೆ ಬಾಲ ಕಿತ್ಕೋ ಬಾ! ಅವಳದು! ಅವಳದೇ!"

ಒಬ್ಬಳು ಬಾಯಿ ಬಿಟ್ಟ ಮೇಲೆ ಉಳಿದವರಿಗೆ ಮುಚ್ಚಿಕೊಂಡಿರುವುದು ಕಷ್ಟವಾಯಿತು. ಕರಿಯವ್ವ ಹುಳ ಉಗುಳಿ, "ಅವಳದೇ!" ಎಂದಳು. ಕೆಂಪಿ ಧೂಳು ಕೊಡವಿ, "ಅವಳದೇ!" ಎಂದಳು. ಎಲ್ಲರೂ ಕೂಗಿದ ಮೇಲೆ ಹುಂಜಣ್ಣ ಗೂಟದಿಂದ ಹಾರಿಬಂದು, ಮೊದಲಿನಿಂದ ಹೇಳುತ್ತಿದ್ದವನು ತಾನೇ ಎಂಬಂತೆ, ಎಲ್ಲರಿಗಿಂತ ಜೋರಾಗಿ, "ಅವಳದೇ!" ಎಂದ. ಆ ಗದ್ದಲಕ್ಕೆ ಗುಳ್ಳೆನರಿ ಬಾಲ ಮಡಚಿಕೊಂಡು ಪೊದೆಗೆ ನುಗ್ಗಿತು.

ಸಾಕವ್ವ ನಿಂತಳು. ಬೂದಿಯನ್ನು ತಿರುಗಿಸಿ, ಎದೆಗೆ ಒತ್ತಿಕೊಂಡು, ಚುಕ್ಕಿಯೊಡನೆ ನೆಲಕ್ಕೆ ಬಿಟ್ಟಳು. ಆಮೇಲೆ ಪೊರಕೆ ಎತ್ತಿಕೊಂಡು ಮಂಕರಿಯ ಕಡೆ ತಿರುಗಿದಳು.

ದೊಡ್ಡಕ್ಕ ಅಲುಗಲಿಲ್ಲ. "ನನಗೆ ಮೊಟ್ಟೆ ನಿಂತುಹೋಗಿದೆ ಅವ್ವಾ," ಎಂದಳು. "ಇಡದೋಳು ಬಂದ ದಾರಿ ಹಿಡೀಲಿ ಅಂತ ನೀನೇ ಹೇಳಿದ್ದೆ. ಈ ವಯಸ್ಸಲ್ಲಿ ನಾನು ಯಾವ ದಾರಿ ಹಿಡೀಲಿ?"

ಸಾಕವ್ವನ ಕೈಯಿಂದ ಪೊರಕೆ ಜಾರಿತು. ತಾನು ಆಡಿದ ಮಾತು ತನ್ನ ಮುಖಕ್ಕೇ ಬಂದು ಬಡಿದಿತ್ತು.

ಬೂದಿಯ ಸಿಟ್ಟು ಮಾತ್ರ ಇಳಿಯಲಿಲ್ಲ. ಯಾಕೆ ಇಳಿಯಬೇಕು? "ಅಕ್ಕಾ, ಹೀಗಿದೆ ಅಂತ ನನ್ನ ಹತ್ತಿರ ಹೇಳಿದ್ದರೆ ನನ್ನ ಮೊಟ್ಟೇಲಿ ನಿನಗೂ ಪಾಲು ಕೊಡ್ತಿದ್ದೆ. ಕೇಳಲಿಲ್ಲ, ಕದ್ದೆ. ನನ್ನ ತಂಗೀನ ನರಿ ಬಾಯಿಗೆ ಕೊಡೋಕೆ ಹೊರಟೆ!" ಎಂದಳು. ದೊಡ್ಡಕ್ಕ ಮೊಟ್ಟೆಯ ಮೇಲಿಂದ ಎದ್ದು ಕೆಳಗಿಳಿದಳು.

ಸಾಕವ್ವ ಅವತ್ತೇ ತನ್ನ ಹಳೆಯ ಮಾತನ್ನು ಹಿಂದಕ್ಕೆ ತೆಗೆದುಕೊಂಡಳು. ಇಡುವವಳಿಗೂ ನುಚ್ಚು, ಇಡದವಳಿಗೂ ನುಚ್ಚು. ದೊಡ್ಡಕ್ಕ ಅಂಗಳದಲ್ಲೇ ಉಳಿದಳು. ಹೊಸಬರನ್ನು ಕುಕ್ಕುವ ಚಾಳಿಯೂ ಉಳಿಯಿತು, ಅದನ್ನೂ ಶಿವ ಒಂದು ದಿನ ತೊಳೆಯುತ್ತಾನೆ ಎಂದು ನಂಬಿದ್ದೇನೆ. ಆದರೆ ಕಂಡದ್ದನ್ನು ನುಂಗಿಕೊಂಡು ಕೂರುವುದು ಮಾತ್ರ ಕೋಳಿಗಳಿಂದ ಆವತ್ತಿಗೇ ಬಿಟ್ಟುಹೋಯಿತು.

ಅದಕ್ಕೇ ಕಂದಾ, ಇವತ್ತಿಗೂ ಯಾವ ಮೂಲೆಯಲ್ಲಾದರೂ ಒಂದು ಹೇಂಟೆ ಮೊಟ್ಟೆಯಿಟ್ಟು ಎದ್ದು ಕೂಗಿತೆಂದರೆ, ಮಣ್ಣಲ್ಲಿ ಹೊರಳುತ್ತಿದ್ದವು, ಹುಳ ಕೆದಕುತ್ತಿದ್ದವು, ಗೂಟದ ಮೇಲಿನ ಹುಂಜ, ಎಲ್ಲವೂ ಒಟ್ಟಿಗೆ ಕತ್ತೆತ್ತಿ ಅದರ ಜೊತೆ ಕೂಗಿ ಸಾಕ್ಷಿ ಹೇಳುತ್ತವೆ.